ನಾಲ್ಕೈದು ವರ್ಷಕ್ಕೆ ಬೇಕಾಗುವ ಸಣ್ಣ ಉಳಿತಾಯವನ್ನು ಎಲ್ಲಿಡಬೇಕು?

ಕೈಯಲ್ಲಿ ಮೂರು ನಾಲ್ಕು ಲಕ್ಷ ರೂಪಾಯಿ ಉಳಿದಿದ್ದು, ಅದು ಈ ವರ್ಷ ಬೇಕಾಗದೆ, ಆದರೆ ಐದಾರು ವರ್ಷದೊಳಗೆ ಖಂಡಿತ ಬೇಕಾಗುವಂಥದ್ದಾದರೆ, ಅದನ್ನು ಎಲ್ಲಿಡಬೇಕೆಂಬ ಪ್ರಶ್ನೆ ಮೇಲ್ನೋಟಕ್ಕೆ ಕಾಣುವಷ್ಟು ಸುಲಭದ್ದಲ್ಲ. ಮುಂದಿನ ದೀಪಾವಳಿಗೆ ಬೇಕಾಗುವ ಹಣವನ್ನು ಉಳಿತಾಯ ಖಾತೆಯಲ್ಲೋ ಒಂದು ವರ್ಷದ ಠೇವಣಿಯಲ್ಲೋ ಇಟ್ಟು ಸುಮ್ಮನಿರಬಹುದು. ಇಪ್ಪತ್ತು ವರ್ಷದ ನಂತರದ ನಿವೃತ್ತಿಗೆ ಬೇಕಾದ ಹಣವನ್ನು ಪಿಪಿಎಫ್‌ನಲ್ಲೋ ಷೇರು ನಿಧಿಗಳಲ್ಲೋ ಹಾಕಿ ಮರೆಯಬಹುದು. ನಡುವಿನ ಅವಧಿಯ ಹಣಕ್ಕೆ ಮಾತ್ರ ಈ ಎರಡು ಸ್ವಾತಂತ್ರ್ಯಗಳೂ ಇಲ್ಲ. ಅದು ಬೆಳೆಯಲೂ ಬೇಕು, ಹೇಳಿದ ದಿನಕ್ಕೆ ಕೈಗೆ ಬರಲೂ ಬೇಕು. ಸಲಹೆ ಕೇಳಲು ಹೋದವರಿಗೆ ಸಾಮಾನ್ಯವಾಗಿ ಸಿಗುವುದು ಶೇಕಡಾವಾರು ಬಡ್ಡಿಯ ಪಟ್ಟಿ. ನನ್ನ ಅನುಭವದಲ್ಲಿ ಆ ಪಟ್ಟಿಯನ್ನು ನೋಡಬೇಕಾದದ್ದು ಕೊನೆಯಲ್ಲಿ. ಮೊದಲು ನೋಡಬೇಕಾದದ್ದು ಗೋಡೆಯ ಮೇಲಿನ ಕ್ಯಾಲೆಂಡರನ್ನು.

ಹಾಸನದ ಕಡೆಯ ಒಂದು ಕುಟುಂಬವನ್ನು ಊಹಿಸಿಕೊಳ್ಳೋಣ. ಗಂಡ ಹೆಂಡತಿ ಇಬ್ಬರ ದುಡಿಮೆಯಿಂದ ನಾಲ್ಕು ಲಕ್ಷ ರೂಪಾಯಿ ಕೂಡಿದೆ, ತಿಂಗಳಿಗೆ ಇನ್ನೂ ಐದು ಸಾವಿರ ಉಳಿಸುವ ಶಕ್ತಿಯಿದೆ, ಆದರೆ ಹೆಂಡತಿಯ ಬಳೆ ಗಿರವಿಯಲ್ಲಿದೆ. ಮಗಳು ಈ ಜೂನ್‌ನಲ್ಲಿ ಒಂಬತ್ತನೆಯ ತರಗತಿಗೆ ಹೋಗುತ್ತಾಳೆ. ಅಂದರೆ ಸರಿಯಾಗಿ ನಾಲ್ಕು ವರ್ಷಕ್ಕೆ ದ್ವಿತೀಯ ಪಿಯುಸಿ ಮುಗಿದು, ಸಿಇಟಿ ಬರೆದು, ಸೀಟು ಹಂಚಿಕೆಯ ಸರದಿ ಬರುತ್ತದೆ. ಆಗ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನಗಳು. ಇದರ ಜೊತೆಗೆ ಮನೆಯ ಹಳೆಯ ಹೆಂಚಿನ ಮಾಡನ್ನು ತೆಗೆದು ತಾರಸಿ ಹಾಕಿಸಬೇಕೆಂಬ ಆಸೆಯಿದೆ. ಅದು ಐದು ವರ್ಷಕ್ಕಾದರೂ ಆಗಬಹುದು, ಏಳು ವರ್ಷಕ್ಕಾದರೂ ಆಗಬಹುದು. ಈ ಎರಡು ಖರ್ಚುಗಳ ಮೊತ್ತ ಹೆಚ್ಚು ಕಡಿಮೆ ಒಂದೇ ಇದ್ದರೂ ಗುಣ ಬೇರೆ. ಕಾಲೇಜಿನ ಶುಲ್ಕ ಒಂದು ದಿನವೂ ಕಾಯುವುದಿಲ್ಲ, ಮನೆಯ ಮಾಡು ಎರಡು ವರ್ಷ ಬೇಕಾದರೂ ಕಾಯುತ್ತದೆ. ಆದ್ದರಿಂದ ಮೊದಲ ಕೆಲಸವೆಂದರೆ ಒಂದು ಹಾಳೆಯಲ್ಲಿ ಪ್ರತಿಯೊಂದು ಖರ್ಚಿನ ಎದುರಿಗೆ ಅದು ಬರುವ ವರ್ಷವನ್ನಷ್ಟೇ ಅಲ್ಲ, ತಿಂಗಳನ್ನೂ, ಅದನ್ನು ಮುಂದೂಡಲು ಸಾಧ್ಯವೇ ಇಲ್ಲವೇ ಎಂಬುದನ್ನೂ ಬರೆದುಕೊಳ್ಳುವುದು. ಐದು ವರ್ಷದ ಪ್ರಮಾಣಪತ್ರವನ್ನು ಆಗಸ್ಟಿನಲ್ಲಿ ಕೊಂಡು, ಐದನೆಯ ವರ್ಷದ ಜೂನ್‌ನಲ್ಲಿ ಹಣ ಬೇಕಾಗಿ, ಎರಡು ತಿಂಗಳಿಗಾಗಿ ಕೈಸಾಲ ಮಾಡಿದವರನ್ನು ನಾನು ನೋಡಿದ್ದೇನೆ.

ಎರಡನೆಯ ಕೆಲಸ, ಈ ಲೆಕ್ಕದಿಂದ ಹೊರಗಿಡಬೇಕಾದ ಹಣವನ್ನು ಹೊರಗಿಡುವುದು. ಮೂರು ನಾಲ್ಕು ತಿಂಗಳ ಮನೆಖರ್ಚು ಬೇಕೆಂದಾಗ ಸಿಗುವಂತಿರದಿದ್ದರೆ, ಎಷ್ಟು ಒಳ್ಳೆಯ ಬಡ್ಡಿಯ ಠೇವಣಿಯಾದರೂ ಮೊದಲ ಆಸ್ಪತ್ರೆಯ ಖರ್ಚಿಗೇ ಮುರಿಯುತ್ತದೆ. ಕ್ರೆಡಿಟ್ ಕಾರ್ಡಿನ ಬಾಕಿಯೋ ಗಿರವಿ ಇಟ್ಟ ಬಂಗಾರದ ಸಾಲವೋ ಇದ್ದರೆ ಅದನ್ನು ಮೊದಲು ತೀರಿಸಬೇಕು. ನಾವು ಕಟ್ಟುವ ಬಡ್ಡಿಯನ್ನು ಮೀರಿಸುವ ಭದ್ರವಾದ ಠೇವಣಿ ಎಲ್ಲೂ ಇಲ್ಲ.

ಅಂಚೆ ಕಚೇರಿಯ ಕೌಂಟರಿನಲ್ಲಿ

ನಡುವಿನ ಅವಧಿಗೆ ಅಂಚೆ ಕಚೇರಿಯ ಯೋಜನೆಗಳನ್ನು ನಾನು ಮೊದಲು ನೋಡುತ್ತೇನೆ. ಅದಕ್ಕೆ ಕಾರಣ ಕೇಂದ್ರ ಸರ್ಕಾರದ ಖಾತರಿಯೊಂದೇ ಅಲ್ಲ. 2025ರಲ್ಲಿ ರಿಸರ್ವ್ ಬ್ಯಾಂಕ್ ತನ್ನ ರೆಪೊ ದರವನ್ನು, ಅಂದರೆ ಬ್ಯಾಂಕುಗಳಿಗೆ ತಾನು ಕೊಡುವ ಅಲ್ಪಾವಧಿ ಸಾಲದ ಬಡ್ಡಿಯನ್ನು, ಹಂತ ಹಂತವಾಗಿ ಶೇ 6.5ರಿಂದ ಶೇ 5.25ಕ್ಕೆ ಇಳಿಸಿತು, ಅದರೊಂದಿಗೆ ದೊಡ್ಡ ಬ್ಯಾಂಕುಗಳ ಠೇವಣಿ ದರಗಳೂ ಇಳಿದವು. ಸಣ್ಣ ಉಳಿತಾಯ ಯೋಜನೆಗಳ ದರಗಳು ಮಾತ್ರ ಆ ವರ್ಷವಿಡೀ ಇದ್ದಲ್ಲಿಯೇ ಇದ್ದವು. ಸರ್ಕಾರ ಈ ದರಗಳನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವುದರಿಂದ ಇಲ್ಲಿ ಕೊಟ್ಟಿರುವ 2025ರ ಅಂಕಿಗಳನ್ನು ಹಣ ಕಟ್ಟುವ ದಿನ ಮತ್ತೊಮ್ಮೆ ಕೇಳಿ ಖಚಿತಪಡಿಸಿಕೊಳ್ಳಬೇಕು. ಆದರೆ ಒಮ್ಮೆ ಹಣ ಕಟ್ಟಿದ ಮೇಲೆ ಆ ದಿನದ ದರವೇ ಅವಧಿ ಮುಗಿಯುವವರೆಗೂ ನಡೆಯುತ್ತದೆ.

ಇಲ್ಲಿ ಎರಡು ಯೋಜನೆಗಳ ನಡುವಿನ ವ್ಯತ್ಯಾಸವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಾಷ್ಟ್ರೀಯ ಉಳಿತಾಯ ಪ್ರಮಾಣಪತ್ರಕ್ಕೆ, ಅಂದರೆ ಎನ್‌ಎಸ್‌ಸಿಗೆ, ಶೇ 7.7, ಐದು ವರ್ಷದ ಟೈಮ್ ಡೆಪಾಸಿಟ್‌ಗೆ, ಅಂದರೆ ಅಂಚೆಯ ನಿಶ್ಚಿತ ಠೇವಣಿಯಾದ ಟಿಡಿಗೆ, ಶೇ 7.5. ಎನ್‌ಎಸ್‌ಸಿಯ ಬಡ್ಡಿ ವರ್ಷಕ್ಕೊಮ್ಮೆ ಅಸಲಿಗೆ ಸೇರುತ್ತದೆ. ಟಿಡಿಯ ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಚಕ್ರಬಡ್ಡಿಯಾಗಿ ಲೆಕ್ಕ ಹಾಕುವುದರಿಂದ, ಒಂದು ಲಕ್ಷಕ್ಕೆ ವರ್ಷಕ್ಕೆ ಸುಮಾರು 7,714 ರೂಪಾಯಿ ಬರುತ್ತದೆ. ಅಂದರೆ ಎರಡೂ ಒಂದೇ ಎನ್ನಬಹುದು. ಆದರೆ ಟಿಡಿಯ ಬಡ್ಡಿಯನ್ನು ಪ್ರತಿ ವರ್ಷ ಹೊರಗೆ ಕೊಟ್ಟುಬಿಡುತ್ತಾರೆ, ಅದನ್ನು ನೀವು ತೆಗೆದುಕೊಳ್ಳದೆ ಹಾಗೇ ಬಿಟ್ಟರೆ ಆ ಬಡ್ಡಿಯ ಮೇಲೆ ಬಡ್ಡಿ ಇಲ್ಲ. ಐದು ವರ್ಷಕ್ಕೆ ಟಿಡಿಯಿಂದ ಬರುವ ಬಡ್ಡಿ ಒಟ್ಟು 38,570 ರೂಪಾಯಿ. ಅದೇ ಒಂದು ಲಕ್ಷ ಎನ್‌ಎಸ್‌ಸಿಯಲ್ಲಿ 1,44,903 ಆಗುತ್ತದೆ. ಸುಮಾರು ಆರು ಸಾವಿರದ ಮುನ್ನೂರು ರೂಪಾಯಿಯ ಈ ಅಂತರ ಹುಟ್ಟುವುದು ದರದಿಂದಲ್ಲ, ಬಡ್ಡಿ ಎಲ್ಲಿ ಹೋಗಿ ಕೂರುತ್ತದೆ ಎಂಬುದರಿಂದ. ವರ್ಷಕ್ಕೊಮ್ಮೆ ಶಾಲೆಯ ಶುಲ್ಕಕ್ಕೋ ವಿಮೆಯ ಕಂತಿಗೋ ಆ ಬಡ್ಡಿ ಬೇಕಾಗುವವರಿಗೆ ಟಿಡಿ ಅನುಕೂಲ, ಬೇಡದವರಿಗೆ ಎನ್‌ಎಸ್‌ಸಿ.

ಆದರೆ ಎನ್‌ಎಸ್‌ಸಿಗೆ ಬಾಗಿಲು ಒಂದೇ. ಖಾತೆದಾರರ ಮರಣ, ನ್ಯಾಯಾಲಯದ ಆದೇಶ ಮುಂತಾದ ಕೆಲವು ಸಂದರ್ಭಗಳನ್ನು ಬಿಟ್ಟರೆ ಐದು ವರ್ಷ ತುಂಬುವ ಮೊದಲು ಅದನ್ನು ಮುರಿಯಲಾಗದು; ಅಡವಿಟ್ಟು ಸಾಲ ಪಡೆಯಬಹುದು, ಅಷ್ಟೇ. ಐದು ವರ್ಷದ ಟಿಡಿಯ ನಿಯಮವೂ 2023ರ ನವೆಂಬರ್‌ನಲ್ಲಿ ಬಿಗಿಯಾಯಿತು. ಅಲ್ಲಿಂದೀಚೆಗೆ ತೆರೆದ ಖಾತೆಯನ್ನು ನಾಲ್ಕು ವರ್ಷಕ್ಕೆ ಮೊದಲು ಮುಚ್ಚುವಂತಿಲ್ಲ, ನಾಲ್ಕು ವರ್ಷ ಕಳೆದ ಮೇಲೆ ಮುಚ್ಚಿದರೂ ಸಿಗುವುದು ಉಳಿತಾಯ ಖಾತೆಯ ಬಡ್ಡಿ, ಅಂದರೆ ಶೇ 4 ಮಾತ್ರ. ನಾಲ್ಕು ವರ್ಷಕ್ಕೆ ಹಣ ಬೇಕಾದ ನಮ್ಮ ಹಾಸನದ ಕುಟುಂಬ ಶುಲ್ಕದ ಹಣವನ್ನು ಈ ಎರಡರಲ್ಲಿ ಯಾವುದರಲ್ಲೂ ಇಡುವಂತಿಲ್ಲ. ಮೂರು ವರ್ಷದ ಟಿಡಿಗೆ ಶೇ 7.1 ಇದೆ, ಅದು ಮುಗಿದ ಮೇಲೆ ಒಂದು ವರ್ಷದ ಟಿಡಿಗೆ ಬದಲಿಸಬಹುದು; ಆ ಹೊತ್ತಿಗೆ ದರ ಎಷ್ಟಿರುತ್ತದೆಂಬುದು ಮಾತ್ರ ಈಗ ಗೊತ್ತಾಗುವ ವಿಷಯವಲ್ಲ.

ತಿಂಗಳ ಕಂತಿನ ಆರ್‌ಡಿಗೂ ಇದೇ ಎಚ್ಚರಿಕೆ ಬೇಕು. ಅಂಚೆಯ ಆರ್‌ಡಿ ಐದು ವರ್ಷದ್ದು, ದರ ಶೇ 6.7, ತಿಂಗಳಿಗೆ ಐದು ಸಾವಿರ ಕಟ್ಟಿದರೆ ಮೂರು ಲಕ್ಷ ಅಸಲಿಗೆ ಸುಮಾರು 3,56,800 ರೂಪಾಯಿ ಕೈಗೆ ಬರುತ್ತದೆ. ಮೂರು ವರ್ಷದ ನಂತರ ಮುಚ್ಚಲು ಅವಕಾಶವಿದ್ದರೂ ಆಗ ಇಡೀ ಮೊತ್ತಕ್ಕೆ ಉಳಿತಾಯ ಖಾತೆಯ ಬಡ್ಡಿಯನ್ನಷ್ಟೇ ಕೊಡುತ್ತಾರೆ.

ಅರವತ್ತು ದಾಟಿದವರಿಗೆ ಈ ಚರ್ಚೆಯೇ ಬೇಡ. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಶೇ 8.2 ದರದಲ್ಲಿ ಮೂರು ತಿಂಗಳಿಗೊಮ್ಮೆ ಬಡ್ಡಿ ಬರುತ್ತದೆ, ಅವಧಿ ಐದು ವರ್ಷ, ಮಿತಿ 30 ಲಕ್ಷ. ಆದರೆ ಮಗನ ಹಣವನ್ನು ತಂದೆಯ ಹೆಸರಿನಲ್ಲಿ ಇಡುವಾಗ ಅದು ಯಾರ ಹಣ, ಮುಂದೆ ಯಾರಿಗೆ ಸೇರಬೇಕು ಎಂಬುದನ್ನು ಅಣ್ಣತಮ್ಮಂದಿರ ಎದುರಿಗೇ ಸ್ಪಷ್ಟಪಡಿಸಿಕೊಂಡಿರುವುದು ಒಳ್ಳೆಯದು.

ಬ್ಯಾಂಕು, ಮತ್ತು ಬ್ಯಾಂಕಿನಂತೆ ಕಾಣುವುದು

ಬ್ಯಾಂಕಿನ ನಿಶ್ಚಿತ ಠೇವಣಿಯ ದೊಡ್ಡ ಗುಣ ಬಡ್ಡಿಯಲ್ಲ, ಅವಧಿಯ ಸ್ವಾತಂತ್ರ್ಯ. ನಲವತ್ತಾರು ತಿಂಗಳಿಗೆ ಬೇಕೆಂದರೆ ನಲವತ್ತಾರು ತಿಂಗಳಿಗೇ ಇಡಬಹುದು. ಮಧ್ಯದಲ್ಲಿ ಮುರಿದರೆ ಹಣ ಇದ್ದಷ್ಟು ಅವಧಿಗೆ ಅನ್ವಯಿಸುವ ದರದಲ್ಲಿ ಅರ್ಧದಿಂದ ಒಂದು ಶೇಕಡಾ ಕಡಿತವಾಗುವುದು ಸಾಮಾನ್ಯ. ಹಣ ಮಾತ್ರ ಅದೇ ದಿನ ಸಿಗುತ್ತದೆ. ಆದ್ದರಿಂದ ಎರಡು ಲಕ್ಷವನ್ನು ಒಂದೇ ರಸೀದಿಯಲ್ಲಿ ಇಡುವುದಕ್ಕಿಂತ ಐವತ್ತು ಸಾವಿರದ ನಾಲ್ಕು ರಸೀದಿಗಳಾಗಿ ಇಡುವುದು ಲೇಸು, ಏಕೆಂದರೆ ಮುರಿಯಬೇಕಾಗಿ ಬಂದರೆ ಒಂದನ್ನು ಮುರಿದು ಮೂರನ್ನು ಉಳಿಸಿಕೊಳ್ಳಬಹುದು. ತೆರಿಗೆ ಉಳಿತಾಯದ ಐದು ವರ್ಷದ ಠೇವಣಿ ಇದಕ್ಕೆ ಅಪವಾದ. ಅದನ್ನು ಮುರಿಯಲೂ ಆಗದು, ಅಡವಿಡಲೂ ಆಗದು.

ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ, ಎಲ್ಲ ಶಾಖೆಗಳೂ ಸೇರಿ, ಅಸಲು ಬಡ್ಡಿ ಎರಡೂ ಸೇರಿ, ಐದು ಲಕ್ಷ ರೂಪಾಯಿವರೆಗೆ ಠೇವಣಿ ವಿಮೆ ಇದೆ. 1993ರಿಂದ ಒಂದು ಲಕ್ಷವಾಗಿದ್ದ ಈ ಮಿತಿಯನ್ನು 2020ರ ಫೆಬ್ರುವರಿಯಲ್ಲಿ ಏರಿಸಲಾಯಿತು. ಪಟ್ಟಣ ಸಹಕಾರ ಬ್ಯಾಂಕುಗಳಿಗೂ ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕುಗಳಿಗೂ ಈ ವಿಮೆ ಅನ್ವಯಿಸುತ್ತದೆ. ಅದರ ಬೆಲೆ ಏನೆಂಬುದನ್ನು ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ಬಸವನಗುಡಿಯ ಶ್ರೀ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ನಿರ್ಬಂಧ ಹೇರಿದಾಗ ಠೇವಣಿದಾರರು ಮೊದಲಿಗೆ ತೆಗೆಯಬಹುದಾಗಿದ್ದದ್ದು 35,000 ರೂಪಾಯಿ ಮಾತ್ರ. ನಿವೃತ್ತಿಯ ಹಣವನ್ನೆಲ್ಲ ಒಂದೇ ಕಡೆ ಇಟ್ಟವರು ಅವರಲ್ಲಿ ಅನೇಕರಿದ್ದರು. ಮಿತಿ ಐದು ಲಕ್ಷವೆಂದ ಮೇಲೆ ಠೇವಣಿಯನ್ನು ಮೂರೂವರೆ ಲಕ್ಷದ ಆಸುಪಾಸಿನಲ್ಲಿ ನಿಲ್ಲಿಸಬೇಕು. ಐದು ವರ್ಷದ ಬಡ್ಡಿಯೂ ಅದೇ ಮಿತಿಯೊಳಗೆ ಹಿಡಿಯಬೇಕಲ್ಲ.

ಈಗ ನಮ್ಮ ರಾಜ್ಯದಲ್ಲಿ ಬೀದಿಗೊಂದರಂತೆ ಇರುವ ಪತ್ತಿನ ಸಹಕಾರ ಸಂಘಗಳ, 1997ರ ಸೌಹಾರ್ದ ಕಾಯ್ದೆಯಡಿ ನೋಂದಾಯಿತವಾದ ಸಹಕಾರಿಗಳ ವಿಷಯ. ಇವುಗಳಲ್ಲಿ ಪ್ರಾಮಾಣಿಕವಾಗಿ ನಡೆಯುವವು ಬಹಳ ಇವೆ, ಬ್ಯಾಂಕು ಸಾಲ ಕೊಡದವರಿಗೆ ಸಾಲ ಕೊಟ್ಟು ಬದುಕು ಎತ್ತಿ ನಿಲ್ಲಿಸಿದವೂ ಇವೆ. ಆದರೆ ಇವು ಬ್ಯಾಂಕುಗಳಲ್ಲ, ಇವುಗಳ ಠೇವಣಿಗೆ ಐದು ಲಕ್ಷದ ವಿಮೆ ಇಲ್ಲ. ಕೌಂಟರು ಬ್ಯಾಂಕಿನದೇ ರೀತಿ, ಪಾಸ್‌ಬುಕ್ಕೂ ಅದೇ ರೀತಿ. ಸಂಜೆ ಅಂಗಡಿಗೆ ಬರುವ ಪಿಗ್ಮಿ ಏಜೆಂಟರು ನಮ್ಮ ಬೀದಿಯವರೇ. ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಸಂಸ್ಥೆ 1928ರಲ್ಲಿ ಕರಾವಳಿಯಲ್ಲಿ ಪಿಗ್ಮಿ ಆರಂಭಿಸಿದಾಗಿನಿಂದ ಮನೆ ಬಾಗಿಲಿಗೆ ಬಂದು ಹಣ ಒಯ್ಯುವವರನ್ನು ನಂಬುವುದು ನಮಗೆ ರೂಢಿಯಾಗಿದೆ, ಆ ನಂಬಿಕೆಯ ಲಾಭ ಇಂದು ಎಲ್ಲರಿಗೂ ಸಿಗುತ್ತಿದೆ. ಸಹಕಾರ ಸಂಘಗಳು ತಮ್ಮ ಹೆಸರಿನಲ್ಲಿ ‘ಬ್ಯಾಂಕ್’ ಎಂಬ ಪದವನ್ನು ಬಳಸುವಂತಿಲ್ಲವೆಂದು ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲಿ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿದ್ದು ಇದೇ ಕಾರಣಕ್ಕೆ. ನಮ್ಮ ತಾಲ್ಲೂಕಿನ ಒಂದು ಸಂಘದಲ್ಲಿ ಬ್ಯಾಂಕಿಗಿಂತ ಎರಡೂವರೆ ಶೇಕಡಾ ಹೆಚ್ಚು ಬಡ್ಡಿ ಸಿಗುತ್ತದೆಂದು ಹಣ ಇಟ್ಟಿದ್ದ ನನ್ನ ಸೋದರಮಾವನಿಗೆ ಬಡ್ಡಿ ತಪ್ಪದೆ ಬರುತ್ತಿತ್ತು. ಅಸಲು ಕೇಳಿದ ವರ್ಷ ಮಾತ್ರ ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತು ಶುರುವಾಯಿತು. ಸಂಘದ ಸದಸ್ಯರಾಗಿ ಅಲ್ಲಿ ಠೇವಣಿ ಇಡಲೇಬೇಕೆನ್ನುವವರು ವಾರ್ಷಿಕ ಮಹಾಸಭೆಗೆ ಹೋಗಿ, ಲೆಕ್ಕಪರಿಶೋಧನೆಯ ವರದಿಯಲ್ಲಿ ವಸೂಲಾಗದ ಸಾಲ ಎಷ್ಟೆಂದು ನೋಡಿ, ಹೋದರೆ ತಡೆದುಕೊಳ್ಳಬಹುದಾದಷ್ಟನ್ನು ಮಾತ್ರ ಇಡಲಿ. ಯಾವುದೇ ಸಂಸ್ಥೆಗೆ ಠೇವಣಿ ಸಂಗ್ರಹಿಸಲು ಅನುಮತಿ ಇದೆಯೇ ಎಂಬುದನ್ನು ರಿಸರ್ವ್ ಬ್ಯಾಂಕಿನ ‘ಸಚೇತ್’ ಜಾಲತಾಣದಲ್ಲಿ ವಿಚಾರಿಸಬಹುದು.

ಚೀಟಿಯ ಬಗ್ಗೆ ಇಷ್ಟು ಹೇಳಿದರೆ ಸಾಕು: ಅದು ಹೂಡಿಕೆಗಿಂತ ಹೆಚ್ಚಾಗಿ ಸಾಲದ ವ್ಯವಸ್ಥೆ, ತುರ್ತಿಗೆ ಕೂಗಿ ಎತ್ತಿಕೊಳ್ಳುವವರಿಗೆ ಉಪಯೋಗ ಹೆಚ್ಚು. ಹಾಕುವುದಾದರೆ 1982ರ ಚಿಟ್ ಫಂಡ್ ಕಾಯ್ದೆಯಡಿ ನೋಂದಣಿಯಾದ ಚೀಟಿಗೇ ಹಾಕಬೇಕು; ರಾಜ್ಯ ಸರ್ಕಾರದ ಎಂಎಸ್‌ಐಎಲ್ ಕೂಡ ಚೀಟಿ ನಡೆಸುತ್ತದೆ.

ಷೇರು ನಿಧಿಗೆ ಎಷ್ಟು?

ಐದು ವರ್ಷ ಎಂದರೆ ಷೇರು ಮಾರುಕಟ್ಟೆಗೆ ಸಾಕಷ್ಟು ಕಾಲ ಎಂದು ಹೇಳುವವರಿಗೆ 2008ರ ಜನವರಿಯನ್ನು ನೆನಪಿಸಬೇಕು. ಆಗ ಮುಂಬೈ ಷೇರುಪೇಟೆಯ ಸೂಚ್ಯಂಕವಾದ ಸೆನ್ಸೆಕ್ಸ್ 21,000ದ ಹತ್ತಿರವಿತ್ತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 8,500ಕ್ಕಿಂತ ಕೆಳಗಿಳಿಯಿತು. ಆ ಜನವರಿಯಲ್ಲಿ ಹಣ ಹಾಕಿದವರು ಐದು ವರ್ಷ ತಾಳ್ಮೆಯಿಂದ ಕಾದು 2013ರ ಜನವರಿಯಲ್ಲಿ ನೋಡಿದಾಗಲೂ ಸೂಚ್ಯಂಕ ಹಳೆಯ ಎತ್ತರವನ್ನು ಮುಟ್ಟಿರಲಿಲ್ಲ. ಇನ್ನೊಂದು ಕಡೆ, 2020ರ ಮಾರ್ಚ್‌ನಲ್ಲಿ 26,000ಕ್ಕೆ ಕುಸಿದದ್ದು ಅದೇ ವರ್ಷದೊಳಗೆ ಚೇತರಿಸಿಕೊಂಡಿತು. ಎರಡರಲ್ಲಿ ನಮ್ಮ ಪಾಲಿಗೆ ಯಾವುದು ಬರುತ್ತದೆಂದು ಮೊದಲೇ ತಿಳಿಯುವುದಿಲ್ಲ. ಆದ್ದರಿಂದ ಮಗಳ ಶುಲ್ಕದ ಒಂದು ರೂಪಾಯಿಯನ್ನೂ ಇಲ್ಲಿ ಹಾಕಬಾರದು. ಮುಂದೂಡಬಹುದಾದ ತಾರಸಿಯ ಹಣದಲ್ಲಿ ಒಂದು ಪಾಲನ್ನು ತಿಂಗಳ ಕಂತಿನ ಎಸ್‌ಐಪಿಯಾಗಿ, ಸೆನ್ಸೆಕ್ಸ್‌ನಂಥ ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಳ್ಳುವ ಸೂಚ್ಯಂಕ ನಿಧಿಯಲ್ಲಿ ಹಾಕಬಹುದು. ಇಡೀ ಉಳಿತಾಯದ ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಬೇಡವೆಂಬುದು ನನ್ನ ಅಭಿಪ್ರಾಯ. ಹಣ ಬೇಕಾಗುವುದಕ್ಕೆ ಎರಡು ವರ್ಷ ಇರುವಾಗಲೇ ಅದನ್ನು ಸ್ವಲ್ಪ ಸ್ವಲ್ಪವಾಗಿ ಠೇವಣಿಗೆ ಬದಲಿಸುತ್ತ ಬರಬೇಕು. ಒಂದೇ ನಿಧಿಯಲ್ಲಿ ‘ಡೈರೆಕ್ಟ್’, ‘ರೆಗ್ಯುಲರ್’ ಎಂದು ಎರಡು ಬಗೆ ಇರುತ್ತವೆ. ಎರಡನೆಯದರಲ್ಲಿ ಮಧ್ಯವರ್ತಿಯ ಕಮಿಷನ್ ನಮ್ಮ ಹಣದಿಂದಲೇ ಪ್ರತಿ ವರ್ಷ ಹೋಗುತ್ತದೆ.

ಸಾಲಪತ್ರಗಳಲ್ಲಿ ಹೂಡುವ ಡೆಟ್ ನಿಧಿಗಳಿಗೆ ಹಿಂದೆ ತೆರಿಗೆಯ ಅನುಕೂಲವಿತ್ತು. 2023ರ ಏಪ್ರಿಲ್ 1ರಿಂದ ಕೊಂಡವುಗಳ ಲಾಭಕ್ಕೆ, ಎಷ್ಟು ವರ್ಷ ಇಟ್ಟುಕೊಂಡರೂ, ನಮ್ಮ ಆದಾಯದ ಹಂತದ ದರದಲ್ಲೇ ತೆರಿಗೆ. ಹಣ ಬೇಕಾದ ದಿನ ಸಿಗುವುದೇ ಮುಖ್ಯವೆನ್ನುವವರು, ಫ್ರಾಂಕ್ಲಿನ್ ಟೆಂಪಲ್ಟನ್ ಸಂಸ್ಥೆ 2020ರ ಏಪ್ರಿಲ್‌ನಲ್ಲಿ ಆರು ಡೆಟ್ ನಿಧಿಗಳನ್ನು ಒಮ್ಮೆಲೇ ಮುಚ್ಚಿದ್ದನ್ನು ಮರೆಯಬಾರದು. ಹೂಡಿಕೆದಾರರಿಗೆ ಹಣ ಕಂತುಗಳಲ್ಲಿ ಮರಳಿತು, ಆದರೆ ಅವರು ಕೇಳಿದ ದಿನ ಅಲ್ಲ.

ಏಳು ವರ್ಷ ಕಾಯಬಲ್ಲವರಿಗೆ ರಿಸರ್ವ್ ಬ್ಯಾಂಕಿನ ಬದಲಾಗುವ ದರದ ಉಳಿತಾಯ ಬಾಂಡ್ ಇದೆ. ಇದರ ದರ ಯಾವಾಗಲೂ ಎನ್‌ಎಸ್‌ಸಿಗಿಂತ 0.35 ಹೆಚ್ಚು, ಅಂದರೆ 2025ರಲ್ಲಿ ಶೇ 8.05, ಆರು ತಿಂಗಳಿಗೊಮ್ಮೆ ದರ ಬದಲಾಗಬಹುದು, ಬಡ್ಡಿಯೂ ಆರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಅರವತ್ತು ವರ್ಷದೊಳಗಿನವರು ಏಳು ವರ್ಷದ ಮೊದಲು ಇದರಿಂದ ಹೊರಬರಲಾಗದು, ಅಡವಿಟ್ಟು ಸಾಲವೂ ಸಿಗದು. ಬಂಗಾರದ ಒಡವೆ ಕೊಳ್ಳುವುದು ಮನೆಯ ಸಂತೋಷಕ್ಕೆ ಸರಿ. ಆದರೆ ಮಜೂರಿ, ವೇಸ್ಟೇಜ್, ತೆರಿಗೆ ಕಳೆದು ಕೈಗೆ ಬರುವುದೇ ಕಡಿಮೆ, ಮೇಲಾಗಿ 2012ರಲ್ಲಿ ಹತ್ತು ಗ್ರಾಮಿಗೆ 30,000 ದಾಟಿದ್ದ ಬೆಲೆ ಮೂರು ವರ್ಷದ ನಂತರ ಅದಕ್ಕಿಂತ ಕೆಳಗಿತ್ತು. ವಿಮಾ ಏಜೆಂಟರು ತೋರಿಸುವ ಮನಿಬ್ಯಾಕ್ ಪಾಲಿಸಿ ಈ ಅವಧಿಗೆ ಹೊಂದುವುದೇ ಇಲ್ಲ.

ತೆರಿಗೆಯ ವಿಚಾರದಲ್ಲಿ ಸಾಧಾರಣ ಆದಾಯದವರು ಅನಗತ್ಯವಾಗಿ ಹೆದರುತ್ತಾರೆ. 2025–26ರಿಂದ ಹೊಸ ಪದ್ಧತಿಯಲ್ಲಿ ಬಡ್ಡಿಯೂ ಸೇರಿ ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಸಿಗುವುದರಿಂದ ಠೇವಣಿಯ ಬಡ್ಡಿಯ ಮೇಲೆ ಬಹುಪಾಲು ಜನರಿಗೆ ತೆರಿಗೆ ಬೀಳುವುದಿಲ್ಲ. ಒಂದು ಬ್ಯಾಂಕಿನಿಂದ ವರ್ಷಕ್ಕೆ ಬರುವ ಬಡ್ಡಿ 50,000 ರೂಪಾಯಿ ದಾಟಿದರೆ, ಹಿರಿಯರಿಗೆ ಒಂದು ಲಕ್ಷ ದಾಟಿದರೆ, ಮೂಲದಲ್ಲೇ ತೆರಿಗೆ ಕಡಿತವಾಗುತ್ತದೆ. ತೆರಿಗೆ ಬರದಿದ್ದವರು ರಿಟರ್ನ್ ಸಲ್ಲಿಸಿ ಅದನ್ನು ಮರಳಿ ಪಡೆಯಬಹುದು. ಎನ್‌ಎಸ್‌ಸಿಗೆ ಸಿಗುವ ಒಂದೂವರೆ ಲಕ್ಷದವರೆಗಿನ ಕಡಿತ ಹಳೆಯ ಪದ್ಧತಿಯಲ್ಲಿರುವವರಿಗೆ ಮಾತ್ರ.

ಹಾಗಾದರೆ ಹಾಸನದ ಆ ಕುಟುಂಬ ಏನು ಮಾಡಬೇಕು? ನಾನಾಗಿದ್ದರೆ ಇಪ್ಪತ್ತೈದು ಸಾವಿರ ಕೊಟ್ಟು ಗಿರವಿಯಲ್ಲಿರುವ ಬಳೆ ಬಿಡಿಸಿಕೊಳ್ಳುತ್ತಿದ್ದೆ. ಎಪ್ಪತ್ತೈದು ಸಾವಿರವನ್ನು ತುರ್ತಿಗೆಂದು ಬ್ಯಾಂಕಿನಲ್ಲಿ ಮೂರು ಸಣ್ಣ ಠೇವಣಿಗಳಾಗಿ ಇಡುತ್ತಿದ್ದೆ. ಎರಡು ಲಕ್ಷವನ್ನು, ನಾಲ್ಕನೆಯ ವರ್ಷದ ಮೇ ತಿಂಗಳಿಗೆ ಮುಗಿಯುವಂತೆ ಲೆಕ್ಕ ಹಾಕಿ, ಬಡ್ಡಿ ಅಸಲಿಗೇ ಸೇರುವ ಬ್ಯಾಂಕ್ ಠೇವಣಿಯಲ್ಲಿ ಇಡುತ್ತಿದ್ದೆ. ಅಂಚೆಯ ದರಕ್ಕಿಂತ ಸ್ವಲ್ಪ ಕಡಿಮೆ ಬಂದರೂ ದಿನ ತಪ್ಪುವುದಿಲ್ಲ. ಉಳಿದ ಒಂದು ಲಕ್ಷ ತಾರಸಿಗೆಂದು ಎನ್‌ಎಸ್‌ಸಿಗೆ. ತಿಂಗಳ ಐದು ಸಾವಿರದಲ್ಲಿ ಮೂರೂವರೆ ಸಾವಿರ, ಅದೇ ಮೇ ತಿಂಗಳಿಗೆ ಮುಗಿಯುವ ಬ್ಯಾಂಕಿನ ಆರ್‌ಡಿಗೆ. ಒಂದೂವರೆ ಸಾವಿರ ಸೂಚ್ಯಂಕ ನಿಧಿಗೆ. ಮೂರು ವರ್ಷದ ನಂತರ ಆ ನಿಧಿ ಕುಸಿದಿದ್ದರೆ ತಾರಸಿ ಕಾಯುತ್ತದೆ, ಕಾಲೇಜು ಕಾಯಬೇಕಾಗಿಲ್ಲ.

ಹಣ ಕಟ್ಟಿದ ದಿನವೇ ಮುಗಿಸಬೇಕಾದ ಎರಡು ಸಣ್ಣ ಕೆಲಸಗಳಿವೆ. ಪ್ರತಿ ಖಾತೆಗೂ ನಾಮನಿರ್ದೇಶನ ಮಾಡಿಸಬೇಕು. ಬ್ಯಾಂಕ್ ಠೇವಣಿಗೆ 2025ರ ನವೆಂಬರ್‌ನಿಂದ ನಾಲ್ವರವರೆಗೆ ಹೆಸರಿಸಬಹುದು. ಎರಡನೆಯದು, ಅರ್ಜಿಯಲ್ಲಿ ಅವಧಿ ಮುಗಿದ ಮೇಲೆ ತಾನಾಗಿ ನವೀಕರಿಸಬೇಕೆಂಬ ಸಾಲಿಗೆ ಗುರುತು ಬಿದ್ದಿದೆಯೇ ಎಂದು ನೋಡುವುದು. ಗುರುತು ಬಿದ್ದಿದ್ದರೆ ಶುಲ್ಕದ ಹಣ ಮೇ ತಿಂಗಳಲ್ಲಿ ಮತ್ತೆ ನಲವತ್ತಾರು ತಿಂಗಳಿಗೆ ಹೋಗಿ ಕೂರಬಹುದು. ಗುರುತು ಹಾಕದೆ ಮರೆತುಬಿಟ್ಟರೆ ಅವಧಿ ಮುಗಿದ ದಿನದಿಂದ ಉಳಿತಾಯ ಖಾತೆಯ ದರ ಅಥವಾ ಠೇವಣಿಯ ಹಳೆಯ ದರ, ಇವೆರಡರಲ್ಲಿ ಕಡಿಮೆಯದಷ್ಟೇ ಬಡ್ಡಿಯಾಗಿ ಸಿಗುತ್ತದೆ. ಮುಗಿಯುವ ದಿನಾಂಕವನ್ನು ರಸೀದಿಯ ಮೇಲೆ ದೊಡ್ಡದಾಗಿ ಬರೆದು, ಮೊದಲು ಮಾಡಿದ ಆ ಹಾಳೆಯ ಜೊತೆಗೇ ಇಡಬೇಕು. ಅದು ಎಲ್ಲಿದೆಯೆಂಬುದು ಮನೆಯಲ್ಲಿ ಇನ್ನೊಬ್ಬರಿಗಾದರೂ ಗೊತ್ತಿರಬೇಕು.